ದೃಶ್ಯಮುದ್ರಿಕೆಗೆ ತಕ್ಕ ರೂಪ: ಜಾಲಕ್ಕೊಂದು, ಡಿವಿಡಿಗೊಂದು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಮೌರ್ಯ ಸಾಮ್ರಾಟ ಅಶೋಕನ ಶಾಸನಗಳಿವೆ ಎಂಬುದು ಈ ಸೀಮೆಯ ವಿದ್ಯಾರ್ಥಿಗಳಿಗೆಲ್ಲ ತಿಳಿದ ಸಂಗತಿಯೇ ಆಗಿದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ಬರಹಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಬಿಸಿಲು, ಗಾಳಿ, ಮಳೆಗಳಿಗೆ ಮೈಯೊಡ್ಡಿದ ಆ ಕಲ್ಲು ತನ್ನ ಮೇಲಣ ಅಕ್ಷರಗಳನ್ನು ಬಹುಮಟ್ಟಿಗೆ ಉಳಿಸಿಕೊಂಡಿತು. ಆದರೆ ಉಳಿಯದೆ ಹೋದದ್ದು ಇನ್ನೊಂದುಂಟು. ಅದು ಆ ಅಕ್ಷರಗಳನ್ನು ಓದುವ ವಿದ್ಯೆ. ಬ್ರಾಹ್ಮೀ ಲಿಪಿಯನ್ನು ಓದಬಲ್ಲವರೇ ಇಲ್ಲದೆ ಶತಮಾನಗಳು ಕಳೆದವು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅವರು ಆ ಲಿಪಿಯ ಗುಟ್ಟನ್ನು ಬಿಡಿಸದೆ ಇದ್ದಿದ್ದರೆ, ರೈಸ್ ಅವರ ಕಣ್ಣಿಗೆ ಬಿದ್ದುದು ಬಂಡೆಯ ಮೇಲಣ ಬರಿಯ ಗೀರುಗಳಾಗಿರುತ್ತಿದ್ದುವು.

ಬರಹವು ಉಳಿದರಷ್ಟೇ ಸಾಲದು, ಅದನ್ನು ಓದುವ ಸಾಧನವೂ ಉಳಿಯಬೇಕು ಎಂಬ ಈ ಪಾಠವು ಇಂದಿನ ದೃಶ್ಯಮುದ್ರಿಕೆಗಳಿಗೆ ಅಕ್ಷರಶಃ ಅನ್ವಯಿಸುತ್ತದೆ. ಕೈಯಲ್ಲಿ ಡಿಸ್ಕ್ ಇದೆ, ಅದು ಒಡೆದಿಲ್ಲ. ಆದರೂ ಯಂತ್ರವು ಅದನ್ನು ಓದಲೊಲ್ಲದು. ಕಂಪ್ಯೂಟರಿನಲ್ಲಿ ಫೈಲು ಇದೆ. ತೆರೆದರೆ ಧ್ವನಿ ಮಾತ್ರ ಕೇಳುತ್ತದೆ, ಚಿತ್ರ ಕಾಣುವುದಿಲ್ಲ. ಇಂತಹ ಸಂದರ್ಭದಲ್ಲಿ ಜನರು ಡಿಸ್ಕನ್ನೋ ಯಂತ್ರವನ್ನೋ ದೂರುವುದುಂಟು. ನಿಜವಾದ ಕಾರಣವು ಬಹುತೇಕ ಮುದ್ರಿಕೆಯ ರೂಪದಲ್ಲಿ, ಎಂದರೆ ಫಾರ್ಮ್ಯಾಟಿನಲ್ಲಿ ಇರುತ್ತದೆ. ಆ ರೂಪವನ್ನು ಆರಿಸುವ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸಬಹುದು.

ವಿಷಯದ ಅಗತ್ಯ

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಮಳೆಗೆ ಬಡವಾದರೂ ಹಾಡು, ಕಥನ, ಆಚರಣೆಗಳಿಗೆ ಸಿರಿವಂತ ನಾಡು. ಮ್ಯಾಸಬೇಡರ ಹಟ್ಟಿಗಳು, ಕಾಡುಗೊಲ್ಲರ ಹಟ್ಟಿಗಳು, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ರಥೋತ್ಸವ, ಗೌರಸಮುದ್ರದ ಮಾರಮ್ಮನ ಜಾತ್ರೆ, ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಮಗ್ಗಗಳು, ಇವೆಲ್ಲವೂ ದಾಖಲಾಗಲು ಯೋಗ್ಯವಾದವು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಆದರೆ ಸಾವಿರಾರು ಪದಗಳನ್ನು ನೆನಪಿನಲ್ಲಿಯೇ ಹೊತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಅವರಿಗೆ ನಾಡೋಜ ಗೌರವವನ್ನಿತ್ತಿತು. ಅಂತಹ ಒಂದು ಜೀವ ಕಣ್ಮರೆಯಾದರೆ, ಬರೆದುಕೊಂಡ ಪದ ಪುಸ್ತಕದಲ್ಲಿ ಉಳಿದೀತು. ಆದರೆ ದನಿಯ ಏರಿಳಿತ, ಸೊಲ್ಲಿನ ನಡುವಣ ನಿಲುಗಡೆ, ಕೈಯ ಸನ್ನೆ, ಒಡನೆ ಸೊಲ್ಲೆತ್ತುವವರ ಮುಖಭಾವ ಇವು ಪುಸ್ತಕದಲ್ಲಿ ಉಳಿಯಲಾರವು. ಅವನ್ನು ಹಿಡಿದಿಡಲು ದೃಶ್ಯಮುದ್ರಣವೇ ಬೇಕು.

ಇಂದು ಪ್ರತಿ ಮನೆಯಲ್ಲಿಯೂ ಕ್ಯಾಮೆರಾ ಉಳ್ಳ ಮೊಬೈಲು ಇರುವುದರಿಂದ ಮುದ್ರಿಸುವ ಕೆಲಸ ಸುಲಭವಾಗಿದೆ. ಕಷ್ಟವಿರುವುದು ಅದರ ಮುಂದಿನ ಹೆಜ್ಜೆಯಲ್ಲಿ. ಒಂದೇ ಮುದ್ರಿಕೆಯನ್ನು ದೂರದ ಬೆಂಗಳೂರಿನಲ್ಲಿರುವ ಮಗನು ಅಂತರ್ಜಾಲದಲ್ಲಿ ನೋಡಬಯಸುತ್ತಾನೆ. ಹಟ್ಟಿಯಲ್ಲಿರುವ ಅಜ್ಜಿಯ ಮನೆಯಲ್ಲಿ ಹಳೆಯ ಟಿ.ವಿ. ಮತ್ತು ಡಿವಿಡಿ ಪ್ಲೇಯರ್ ಮಾತ್ರ ಇರುತ್ತದೆ. ಇಬ್ಬರಿಗೂ ಒಂದೇ ಫೈಲು ಹೊಂದುವುದಿಲ್ಲ.

ಪೆಟ್ಟಿಗೆಯೂ ಒಳಗಿನ ಸರಕೂ

ಮೊತ್ತಮೊದಲು ತಿಳಿಯಬೇಕಾದ ಭೇದವಿದು: ಫೈಲಿನ ಹೆಸರಿನ ಕೊನೆಗೆ ಕಾಣುವ ಎಂ.ಪಿ.4, ಎ.ವಿ.ಐ., ಎಂ.ಕೆ.ವಿ., ಎಂ.ಓ.ವಿ. ಮುಂತಾದುವು ಪೆಟ್ಟಿಗೆಯ ಹೆಸರುಗಳೇ ಹೊರತು ಒಳಗಿರುವ ಸರಕಿನ ಹೆಸರುಗಳಲ್ಲ. ಆ ಪೆಟ್ಟಿಗೆಯೊಳಗೆ ಚಿತ್ರವನ್ನು ಒಂದು ಸಂಕೇತಕ್ರಮದಲ್ಲಿಯೂ ಧ್ವನಿಯನ್ನು ಇನ್ನೊಂದು ಸಂಕೇತಕ್ರಮದಲ್ಲಿಯೂ ತುಂಬಿರುತ್ತಾರೆ. ಈ ಸಂಕೇತಕ್ರಮಕ್ಕೆ ಕೋಡೆಕ್ ಎಂದು ಹೆಸರು.

ಬ್ರಹ್ಮಗಿರಿಯ ಶಾಸನವೇ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ಬಂಡೆ ಒಂದೇ. ಬರಹವೆಲ್ಲ ಎಡದಿಂದ ಬಲಕ್ಕೆ ಸಾಗುವ ಬ್ರಾಹ್ಮಿಯಲ್ಲಿದೆ. ಆದರೆ ಕೊನೆಯಲ್ಲಿ ಚಪಡನೆಂಬ ಲಿಪಿಕಾರನು ತನ್ನ ವೃತ್ತಿಯನ್ನು ಸೂಚಿಸುವ ಒಂದು ಪದವನ್ನು ಮಾತ್ರ, ಬಲದಿಂದ ಎಡಕ್ಕೆ ಸಾಗುವ ಖರೋಷ್ಠೀ ಲಿಪಿಯಲ್ಲಿ ಕೆತ್ತಿದ್ದಾನೆ. ಬ್ರಾಹ್ಮಿಯನ್ನಷ್ಟೇ ಬಲ್ಲವನಿಗೆ ಶಾಸನದ ಬಹುಭಾಗ ತಿಳಿದರೂ ಆ ಒಂದು ಪದ ತಿಳಿಯದು. ಹಾಗೆಯೇ ಒಂದು ಯಂತ್ರವು ಧ್ವನಿಯ ಕೋಡೆಕನ್ನು ಬಲ್ಲುದಾಗಿ ಚಿತ್ರದ ಕೋಡೆಕನ್ನು ಅರಿಯದಿದ್ದರೆ, ಹಾಡು ಕೇಳುತ್ತದೆ, ಹಾಡುವವರು ಕಾಣುವುದಿಲ್ಲ. ಫೈಲಿನ ಹೆಸರಿನ ಕೊನೆಯ ಅಕ್ಷರಗಳನ್ನು ಎ.ವಿ.ಐ. ಇದ್ದುದನ್ನು ಎಂ.ಪಿ.4 ಎಂದು ತಿದ್ದಿದ ಮಾತ್ರಕ್ಕೆ ಒಳಗಿನ ಸಂಕೇತವು ಬದಲಾಗದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಶೇಂಗಾ ತುಂಬಿದ ಚೀಲದ ಮೇಲೆ ಸೂರ್ಯಕಾಂತಿ ಎಂದು ಬರೆದರೆ ಗಾಣದಲ್ಲಿ ಬರುವುದು ಶೇಂಗಾ ಎಣ್ಣೆಯೇ.

ಕುಗ್ಗಿಸುವಿಕೆ ಏಕೆ ಅನಿವಾರ್ಯ

ಒಂದು ಸರಳವಾದ ಲೆಕ್ಕವನ್ನು ಮಾಡಿ ನೋಡಬಹುದು. ಭಾರತದಲ್ಲಿ ಬಳಕೆಗೆ ಬಂದ ಪಾಲ್ ಪದ್ಧತಿಯ ಡಿವಿಡಿ ಚಿತ್ರವು ಅಡ್ಡಲಾಗಿ 720, ಉದ್ದಲಾಗಿ 576 ಚುಕ್ಕೆಗಳುಳ್ಳದ್ದು. ಒಟ್ಟು 4,14,720 ಚುಕ್ಕೆಗಳು. ಪ್ರತಿಯೊಂದು ಚುಕ್ಕೆಯ ಬೆಳಕು ಮತ್ತು ಬಣ್ಣಕ್ಕೆ ಸರಾಸರಿ 12 ಬಿಟ್‌ಗಳೆಂದು ಹಿಡಿದರೆ ಒಂದು ಚಿತ್ರಕ್ಕೆ 49,76,640 ಬಿಟ್‌ಗಳು ಬೇಕು. ಸೆಕೆಂಡಿಗೆ 25 ಚಿತ್ರಗಳಂತೆ 12,44,16,000 ಬಿಟ್‌ಗಳಾಗುತ್ತವೆ. ಈ ಪ್ರಮಾಣದಲ್ಲಿ ಒಂದು ಗಂಟೆಯ ದೃಶ್ಯಕ್ಕೆ ಸುಮಾರು 56 ಗಿಗಾಬೈಟ್ ಸ್ಥಳ ಬೇಕು. ಸಾಧಾರಣ ಡಿವಿಡಿಯ ಹಿಡಿತವಾದರೋ 4.7 ಗಿಗಾಬೈಟ್. ಎಂದರೆ ಒಂದು ಗಂಟೆಯ ಹಾಡಿಗೆ ಹನ್ನೆರಡು ಡಿಸ್ಕುಗಳು ಬೇಕಾಗುತ್ತಿದ್ದುವು! ಅದಕಾರಣ ಕುಗ್ಗಿಸದೆ ಗತ್ಯಂತರವಿಲ್ಲ.

ಕುಗ್ಗಿಸುವ ಉಪಾಯವನ್ನು ಮೊಳಕಾಲ್ಮೂರಿನ ಮಗ್ಗದ ಮುಂದೆ ನಿಂತವರು ಬೇಗನೆ ಗ್ರಹಿಸಬಲ್ಲರು. ಸೀರೆಯ ಒಡಲಿನಲ್ಲಿ ಒಂದೇ ಬುಟ್ಟಾ ಮತ್ತೆ ಮತ್ತೆ ಬರುತ್ತದೆ. ಆ ಸೀರೆಯನ್ನು ಇನ್ನೊಬ್ಬರಿಗೆ ವಿವರಿಸುವಾಗ ಪ್ರತಿ ಬುಟ್ಟಾವನ್ನೂ ಬೇರೆ ಬೇರೆಯಾಗಿ ವರ್ಣಿಸುವ ಅಗತ್ಯವಿಲ್ಲ. ಒಂದನ್ನು ಪೂರ್ಣವಾಗಿ ಹೇಳಿ, ಉಳಿದವು ಇದರಂತೆಯೇ ಎಂದರೆ ಸಾಕು. ಅಂಚು ಸೆರಗುಗಳಲ್ಲಿ ವ್ಯತ್ಯಾಸವಿದ್ದರೆ ಅದನ್ನು ಮಾತ್ರ ಹೇಳಬೇಕು. ದೃಶ್ಯಮುದ್ರಿಕೆಯಲ್ಲಿಯೂ ಇದೇ ಕ್ರಮ. ಕೆಲವು ಚಿತ್ರಗಳನ್ನು ಪೂರ್ಣವಾಗಿ ದಾಖಲಿಸುತ್ತಾರೆ. ಡಿವಿಡಿಯಲ್ಲಿ ಸಾಮಾನ್ಯವಾಗಿ 12ರಿಂದ 15 ಚಿತ್ರಗಳಿಗೊಮ್ಮೆ ಇಂತಹ ಪೂರ್ಣಚಿತ್ರ ಬರುತ್ತದೆ. ನಡುವಣ ಚಿತ್ರಗಳಲ್ಲಿ ಹಿಂದುಮುಂದಿನ ಚಿತ್ರಗಳಿಗಿಂತ ಬದಲಾದ ಅಂಶವನ್ನಷ್ಟೇ ಬರೆಯುತ್ತಾರೆ. ಅಜ್ಜಿಯು ಜಗುಲಿಯ ಮೇಲೆ ಕುಳಿತು ಹಾಡುತ್ತಿದ್ದರೆ ಹಿಂದಿನ ಗೋಡೆ ಬದಲಾಗುವುದಿಲ್ಲ. ತುಟಿ, ಕೈ, ಕಣ್ಣು ಮಾತ್ರ ಚಲಿಸುತ್ತವೆ. ಆದ್ದರಿಂದ ಅಂತಹ ದೃಶ್ಯವು ಚೆನ್ನಾಗಿ ಕುಗ್ಗುತ್ತದೆ. ಅದೇ ರಥೋತ್ಸವದ ಜನಸಾಗರ, ಹಾರುವ ಧೂಳು, ತೂರಿಬರುವ ಬಾಳೆಹಣ್ಣು ಇವುಗಳಲ್ಲಿ ಎಲ್ಲವೂ ಬದಲಾಗುತ್ತಿರುವುದರಿಂದ ಅವಕ್ಕೆ ಹೆಚ್ಚು ಬಿಟ್‌ಗಳು ಬೇಕು. ಕಡಿಮೆ ಕೊಟ್ಟರೆ ಚಿತ್ರವು ಚೌಕಚೌಕವಾಗಿ ಒಡೆದು ಕಾಣುತ್ತದೆ.

ಈ ಕುಗ್ಗಿಸುವಿಕೆಯಲ್ಲಿ ಕಣ್ಣಿಗೆ ಅಷ್ಟಾಗಿ ತೋರದ ವಿವರಗಳನ್ನು ಕಳೆದುಬಿಡುತ್ತಾರೆ. ಹೀಗೆ ಕಳೆದದ್ದು ಮರಳಿ ಬರುವುದಿಲ್ಲ. ಚಳ್ಳಕೆರೆಯ ಎಣ್ಣೆಗಿರಣಿಗಳನ್ನು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ: ಕಾಯಿಯಿಂದ ಎಣ್ಣೆ ಬಂದೀತು, ಎಣ್ಣೆಯಿಂದ ಮತ್ತೆ ಕಾಯಿ ಬಾರದು. ಒಮ್ಮೆ ಕುಗ್ಗಿಸಿದ್ದನ್ನು ಇನ್ನೊಮ್ಮೆ, ಮತ್ತೊಮ್ಮೆ ಬೇರೆ ರೂಪಕ್ಕೆ ತಿರುಗಿಸಿದಷ್ಟೂ ನಷ್ಟವು ಬೆಳೆಯುತ್ತ ಹೋಗುತ್ತದೆ.

ಡಿವಿಡಿಯ ಕಟ್ಟಳೆಗಳು

ಡಿವಿಡಿ ಪ್ಲೇಯರುಗಳು 1996ರಲ್ಲಿ ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂದುವು. ಆ ಯಂತ್ರವು ನಿಯಮನಿಷ್ಠವಾದುದು; ತನಗೆ ಹೇಳಿಕೊಟ್ಟ ರೂಪವನ್ನಲ್ಲದೆ ಬೇರೆಯದನ್ನು ಅದು ಒಪ್ಪದು. ಅದರ ಕಟ್ಟಳೆಗಳಲ್ಲಿ ಮುಖ್ಯವಾದವು ಇವು:

ಒಂದು: ಚಿತ್ರವು ಎಂಪೆಗ್-2 ಕೋಡೆಕ್ಕಿನಲ್ಲಿ ಇರಬೇಕು. ಅದಕ್ಕೂ ಹಿಂದಿನ ಎಂಪೆಗ್-1ಕ್ಕೂ ಅವಕಾಶವುಂಟಾದರೂ ಅದರ ಗುಣ ಕಡಿಮೆ. ಒಂದು ಕಾಲದಲ್ಲಿ ಮದುವೆಮನೆಗಳಲ್ಲಿ ಹಂಚುತ್ತಿದ್ದ ವಿಸಿಡಿಗಳು ಅದೇ ಎಂಪೆಗ್-1ರಲ್ಲಿದ್ದುವು.

ಎರಡು: ಪಾಲ್ ಪದ್ಧತಿಯಲ್ಲಿ ಚಿತ್ರದ ಪೂರ್ಣ ಅಳತೆ 720ಕ್ಕೆ 576, ಸೆಕೆಂಡಿಗೆ 25 ಚಿತ್ರಗಳು. ಅಮೆರಿಕ, ಜಪಾನುಗಳ ಎನ್.ಟಿ.ಎಸ್.ಸಿ. ಪದ್ಧತಿಯಲ್ಲಿ 720ಕ್ಕೆ 480, ಸೆಕೆಂಡಿಗೆ 29.97 ಚಿತ್ರಗಳು. ಅಮೆರಿಕದಲ್ಲಿರುವ ಬಂಧುಗಳಿಗೆ ಡಿಸ್ಕ್ ಕಳುಹಿಸುವವರು ಈ ಭೇದವನ್ನು ಮರೆಯಬಾರದು.

ಮೂರು: ಚಿತ್ರಕ್ಕೆ ಸೆಕೆಂಡಿಗೆ ಗರಿಷ್ಠ 9.8 ಮೆಗಾಬಿಟ್. ಮನೆಯಲ್ಲಿ ಬರೆದ ಡಿಸ್ಕುಗಳಲ್ಲಿ 8 ಮೆಗಾಬಿಟ್ಟಿಗೆ ಮೀರದಂತೆ ಇಡುವುದು ಲೇಸು. ಹಳೆಯ ಪ್ಲೇಯರುಗಳು ತಡವರಿಸುವುದಿಲ್ಲ.

ನಾಲ್ಕು: ಧ್ವನಿಯು ಸೆಕೆಂಡಿಗೆ 48,000 ಮಾದರಿಗಳಂತೆ, ಡಾಲ್ಬಿಯ ಎ.ಸಿ.-3 ಇಲ್ಲವೆ ಕುಗ್ಗಿಸದ ಪಿ.ಸಿ.ಎಂ. ರೂಪದಲ್ಲಿರಬೇಕು. ಪಾಲ್ ಡಿಸ್ಕುಗಳಲ್ಲಿ ಎಂಪೆಗ್ ಧ್ವನಿಯೂ ಸಲ್ಲುತ್ತದೆ.

ಐದು: ಇವೆಲ್ಲವೂ ವಿಡಿಯೋ-ಟಿ.ಎಸ್. ಎಂಬ ಹೆಸರಿನ ಫೋಲ್ಡರಿನಲ್ಲಿ, ವಿ.ಓ.ಬಿ. ಮುಂತಾದ ಫೈಲುಗಳಾಗಿ ಅಣಿಯಾಗಿರಬೇಕು. ಈ ಅಣಿಗೊಳಿಸುವ ಕೆಲಸಕ್ಕೆ ಆಥರಿಂಗ್ ಎನ್ನುತ್ತಾರೆ.

ಬಹುಮಂದಿ ಎಡವುವುದು ಈ ಐದನೆಯ ಕಟ್ಟಳೆಯಲ್ಲಿ. ಮೊಬೈಲಿನ ಎಂ.ಪಿ.4 ಫೈಲನ್ನು ಹಾಗೆಯೇ ಡಿಸ್ಕಿಗೆ ನಕಲು ಮಾಡಿದರೆ ಅದು ಫೈಲುಗಳನ್ನು ಹೊತ್ತ ಡೇಟಾ ಡಿಸ್ಕ್ ಆಗುತ್ತದೆಯೇ ವಿನಾ ಡಿವಿಡಿ ವಿಡಿಯೋ ಆಗುವುದಿಲ್ಲ. ಕಂಪ್ಯೂಟರಿನಲ್ಲಿ ಅದು ನಡೆಯುತ್ತದೆ, ಟಿ.ವಿ.ಯ ಬಳಿಯ ಹಳೆಯ ಪ್ಲೇಯರಿನಲ್ಲಿ ನಡೆಯುವುದಿಲ್ಲ. ಕೆಲವು ಪ್ಲೇಯರುಗಳಿಗೆ ಪೆನ್‌ಡ್ರೈವ್ ಸಿಕ್ಕಿಸುವ ಕಿಂಡಿ ಇದ್ದರೂ ಅವುಗಳಲ್ಲಿ ಅನೇಕವು ಹಳೆಯ ಕೋಡೆಕ್ಕಿನ ಎ.ವಿ.ಐ. ಫೈಲುಗಳನ್ನಷ್ಟೇ ಓದುತ್ತವೆ.

ಒಂದು ಡಿಸ್ಕಿಗೆ ಎಷ್ಟು ಹೊತ್ತಿನ ದೃಶ್ಯ ಹಿಡಿಸಬೇಕೆಂಬುದಕ್ಕೂ ಲೆಕ್ಕವಿದೆ. 4.7 ಗಿಗಾಬೈಟ್ ಎಂದರೆ 37,600 ಮೆಗಾಬಿಟ್. ಎರಡು ಗಂಟೆಗೆ 7,200 ಸೆಕೆಂಡುಗಳು. ಭಾಗಿಸಿದರೆ ಸೆಕೆಂಡಿಗೆ 5.2 ಮೆಗಾಬಿಟ್. ಧ್ವನಿಯ ಪಾಲನ್ನೂ ಅಲ್ಪಸ್ವಲ್ಪ ಅಂಚನ್ನೂ ಬಿಟ್ಟರೆ ಚಿತ್ರಕ್ಕೆ ಸುಮಾರು 4.8 ಉಳಿಯುತ್ತದೆ, ಇದು ಒಪ್ಪತಕ್ಕ ಗುಣ. ಮೂರು ಗಂಟೆಗೆ ಹಿಗ್ಗಿಸಿದರೆ ಒಟ್ಟು 3.5 ಮಾತ್ರ ದೊರೆತು, ಜಾತ್ರೆಯ ದೃಶ್ಯವು ಒಡೆದು ಕಾಣಲು ತೊಡಗುತ್ತದೆ. ರಾತ್ರಿಯಿಡೀ ನಡೆಯುವ ಬಯಲಾಟವನ್ನು ಒಂದೇ ಡಿಸ್ಕಿಗೆ ತುರುಕುವುದಕ್ಕಿಂತ ನಾಲ್ಕು ಡಿಸ್ಕುಗಳಿಗೆ ಹಂಚುವುದೇ ವಿವೇಕ. ಎರಡು ಪದರಗಳ ಡಿಸ್ಕು 8.5 ಗಿಗಾಬೈಟ್ ಹಿಡಿಯುತ್ತದೆ.

ಅಂತರ್ಜಾಲದ ರೀತಿ

ಅಂತರ್ಜಾಲದ ನಡೆ ಬೇರೆ. ಅಲ್ಲಿ ಚಿತ್ರದ ಅಳತೆಗೆ ಅಂತಹ ಬಿಗಿಯಾದ ಕಟ್ಟಳೆಯಿಲ್ಲ; ಆದರೆ ನೋಡುವವರ ಯಂತ್ರಗಳು ನಾನಾ ಬಗೆ, ಸಂಪರ್ಕದ ವೇಗವೂ ನಾನಾ ಬಗೆ. ಎಲ್ಲರಿಗೂ ಸಲ್ಲುವ ರೂಪವೆಂದರೆ ಎಂ.ಪಿ.4 ಪೆಟ್ಟಿಗೆ, ಚಿತ್ರಕ್ಕೆ ಎಚ್.264 ಕೋಡೆಕ್, ಧ್ವನಿಗೆ ಎ.ಎ.ಸಿ. ಎಚ್.264 ಮಾನಕವು 2003ರಲ್ಲಿ ಸಿದ್ಧವಾಯಿತು. ಎಂಪೆಗ್-2 ಕೊಡುವ ಗುಣವನ್ನು ಅದು ಸರಿಸುಮಾರು ಅರ್ಧದಷ್ಟು ಬಿಟ್‌ಗಳಲ್ಲಿಯೇ ಕೊಡಬಲ್ಲುದು. ಅದರ ನಂತರ ಬಂದ ಎಚ್.265, ವಿ.ಪಿ.9, ಎ.ವಿ.1 ಇವು ಇನ್ನೂ ಹೆಚ್ಚಾಗಿ ಕುಗ್ಗಿಸುತ್ತವೆ. ಆದರೆ ಹಳೆಯ ಕಂಪ್ಯೂಟರುಗಳು ಅವನ್ನು ಬಿಡಿಸಲಾರದೆ ತಡೆತಡೆದು ತೋರಿಸುವುದುಂಟು. ಇತ್ತೀಚಿನ ಅನೇಕ ಮೊಬೈಲುಗಳು ಸ್ಥಳದ ಉಳಿತಾಯಕ್ಕಾಗಿ ಎಚ್.265ರಲ್ಲಿಯೇ ಮುದ್ರಿಸುತ್ತವೆ. ಶಾಲೆಯ ಹಳೆಯ ಕಂಪ್ಯೂಟರಿನಲ್ಲಿ ಮೊಬೈಲಿನ ದೃಶ್ಯವು ಕಾಣದಿರುವುದಕ್ಕೆ ಎಷ್ಟೋ ವೇಳೆ ಇದೇ ಕಾರಣ.

ಅಡ್ಡಲಾಗಿ 1280, ಉದ್ದಲಾಗಿ 720 ಚುಕ್ಕೆಗಳ ಚಿತ್ರಕ್ಕೆ ಎಚ್.264ರಲ್ಲಿ ಸೆಕೆಂಡಿಗೆ 2.5 ಮೆಗಾಬಿಟ್ ಕೊಟ್ಟರೆ, ಕುಳಿತು ಹಾಡುವಂತಹ ದೃಶ್ಯವು ಚೆನ್ನಾಗಿಯೇ ಕಾಣುತ್ತದೆ. ಒಂದು ಗಂಟೆಗೆ ಸುಮಾರು 1.2 ಗಿಗಾಬೈಟ್ ಆಗುತ್ತದೆ. ನೇರವಾಗಿ ಕೈಯಿಂದ ಕೈಗೆ ಕೊಡಲು ಇದು ಯೋಗ್ಯ. ಆದರೆ ಯೂಟ್ಯೂಬಿನಂತಹ ತಾಣಕ್ಕೆ ಏರಿಸುವಾಗ ನಿಯಮವು ಬೇರೆ. ಆ ತಾಣವು ತನಗೆ ಬಂದ ಫೈಲನ್ನು ತಾನೇ ಮತ್ತೆ ಕುಗ್ಗಿಸಿ ಹಲವು ಅಳತೆಗಳಲ್ಲಿ ಸಿದ್ಧಪಡಿಸುತ್ತದೆ. ಆಗಲೇ ಕುಗ್ಗಿಹೋದುದನ್ನು ಕೊಟ್ಟರೆ ನಷ್ಟವು ಇಮ್ಮಡಿಸುತ್ತದೆ. ಆದ್ದರಿಂದ ಏರಿಸುವ ಪ್ರತಿಯು ಕೈಲಿರುವುದರಲ್ಲಿ ಅತ್ಯುತ್ತಮವಾದುದೇ ಆಗಿರಲಿ. ಸಂದೇಶ ಕಳುಹಿಸುವ ಆ್ಯಪ್‌ಗಳಲ್ಲಿ ದೃಶ್ಯವನ್ನು ವಿಡಿಯೋ ಎಂದು ಕಳುಹಿಸಿದರೆ ಅದು ಸಾಮಾನ್ಯವಾಗಿ ಬಲವಾಗಿ ಕುಗ್ಗುತ್ತದೆ. ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಇದ್ದುದು ಇದ್ದಂತೆ ಸೇರುತ್ತದೆ.

ಒಂದರಿಂದ ಒಂದಕ್ಕೆ ತಿರುಗಿಸುವಾಗ

ಡಿವಿಡಿಗಾಗಿ ಸಿದ್ಧಮಾಡಿದ ಪ್ರತಿಯಿಂದ ಜಾಲದ ಪ್ರತಿಯನ್ನು, ಜಾಲದಿಂದ ಇಳಿಸಿದ ಪ್ರತಿಯಿಂದ ಡಿವಿಡಿಯನ್ನು ತಯಾರಿಸುವುದು ಸಾಮಾನ್ಯವಾದ ತಪ್ಪು. ಎರಡನ್ನೂ ಮೂಲ ಮುದ್ರಿಕೆಯಿಂದಲೇ ಪ್ರತ್ಯೇಕವಾಗಿ ತಯಾರಿಸಬೇಕು. ಸಣ್ಣ ಚಿತ್ರವನ್ನು ದೊಡ್ಡ ಅಳತೆಗೆ ಹಿಗ್ಗಿಸಿದರೆ ಫೈಲು ಬೆಳೆದೀತೇ ಹೊರತು ವಿವರ ಬೆಳೆಯದು.

ಮೂಲವೇ ಇಲ್ಲವಾಗಿ ಹಳೆಯ ಡಿವಿಡಿಯೊಂದೇ ಉಳಿದಿದ್ದರೆ ಎರಡು ಎಚ್ಚರಿಕೆಗಳು ಬೇಕು. ಮೊದಲನೆಯದಾಗಿ, ಡಿವಿಡಿಯ ಚುಕ್ಕೆಗಳು ಚೌಕವಲ್ಲ. 720ಕ್ಕೆ 576ರ ಚಿತ್ರವನ್ನು ಹಳೆಯ ಟಿ.ವಿ.ಯ ಆಕಾರದ್ದಾದರೆ 768ಕ್ಕೆ 576 ಎಂದೂ, ಅಗಲ ಪರದೆಯದಾದರೆ 1024ಕ್ಕೆ 576 ಎಂದೂ ತಿದ್ದಬೇಕು. ಇಲ್ಲವಾದರೆ ಮನುಷ್ಯರು ಸೊರಗಿದಂತೆಯೋ ಊದಿದಂತೆಯೋ ಕಾಣುತ್ತಾರೆ. ಎರಡನೆಯದಾಗಿ, ಹಳೆಯ ಕ್ಯಾಮೆರಾಗಳು ಪ್ರತಿ ಚಿತ್ರವನ್ನೂ ಬೆಸ ಗೆರೆಗಳು, ಸರಿ ಗೆರೆಗಳು ಎಂದು ಎರಡು ಭಾಗವಾಗಿ ಹಿಡಿಯುತ್ತಿದ್ದುವು. ಅದನ್ನು ಸರಿಪಡಿಸದೆ ಕಂಪ್ಯೂಟರಿನಲ್ಲಿ ತೋರಿಸಿದರೆ, ಚಲಿಸುವ ಕೈಯ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿ ಕಾಣುತ್ತದೆ. ಪರಿವರ್ತನೆಯ ತಂತ್ರಾಂಶಗಳಲ್ಲಿ ಇದನ್ನು ಸರಿಪಡಿಸುವ ಅನುಕೂಲವಿದೆ. ಹ್ಯಾಂಡ್‌ಬ್ರೇಕ್, ಎಫ್.ಎಫ್. ಎಂಪೆಗ್ ಎಂಬ ಉಚಿತ ತಂತ್ರಾಂಶಗಳು ಈ ಕೆಲಸಕ್ಕೆ ಪ್ರಸಿದ್ಧವಾಗಿವೆ.

ಪೆನ್‌ಡ್ರೈವಿನ ವಿಷಯವಾಗಿಯೂ ಒಂದು ಮಾತು. ಫ್ಯಾಟ್-32 ಕ್ರಮದಲ್ಲಿ ಸಿದ್ಧವಾದ ಪೆನ್‌ಡ್ರೈವ್ 4 ಗಿಗಾಬೈಟಿಗೆ ಮೀರಿದ ಒಂದೇ ಫೈಲನ್ನು ಸ್ವೀಕರಿಸದು. ಒಳಗೆ ಸ್ಥಳವಿದ್ದೂ ನಕಲಾಗಲಿಲ್ಲವೆಂದು ಗಾಬರಿಪಡದೆ, ಎಕ್ಸ್-ಫ್ಯಾಟ್ ಕ್ರಮದ ಪೆನ್‌ಡ್ರೈವನ್ನು ಬಳಸಬೇಕು. ಇದ್ದುದನ್ನೇ ಆ ಕ್ರಮಕ್ಕೆ ಬದಲಿಸುವುದಾದರೆ ಒಳಗಿನ ಫೈಲುಗಳೆಲ್ಲ ಅಳಿಯುವುದರಿಂದ ಅವನ್ನು ಮೊದಲೇ ಬೇರೆಡೆ ಇರಿಸಿಕೊಳ್ಳತಕ್ಕದ್ದು.

ಮೂಲಪ್ರತಿಯ ರಕ್ಷಣೆ

ನೋಡುವುದಕ್ಕೆ ಒಂದು ರೂಪ, ಹಂಚುವುದಕ್ಕೆ ಒಂದು ರೂಪ ಎಂದಾಯಿತು. ಇವೆರಡಕ್ಕಿಂತ ಮಿಗಿಲಾದುದು ಕಾಪಿಡುವ ರೂಪ. ಕ್ಯಾಮೆರಾದಿಂದ ಬಂದ ಮೂಲ ಫೈಲನ್ನು ಯಾವ ಬದಲಾವಣೆಯೂ ಇಲ್ಲದೆ ಇರಿಸಿಕೊಳ್ಳುವುದೇ ಸರ್ವೋತ್ತಮ. ಸ್ಥಳ ಸಾಲದೆಂದು ಮೂಲವನ್ನು ಅಳಿಸಿ ಡಿವಿಡಿಯನ್ನು ಮಾತ್ರ ಉಳಿಸಿಕೊಂಡವರು ಕೊನೆಗೆ ಎರಡನ್ನೂ ಕಳೆದುಕೊಂಡಾರು. ಮನೆಯಲ್ಲಿ ಬರೆಯುವ ಡಿಸ್ಕುಗಳಲ್ಲಿ ಮಾಹಿತಿಯು ಬಣ್ಣದ ಪದರವೊಂದರಲ್ಲಿ ನೆಲೆಸಿರುತ್ತದೆ. ಬಿಸಿಲು ಮತ್ತು ಕಾವು ಅದಕ್ಕೆ ವೈರಿಗಳು. ಈ ಬಯಲುಸೀಮೆಯ ಬೇಸಗೆಯಲ್ಲಿ ತಗಡಿನ ಸೂರಿನ ಕೆಳಗೆ, ಕಿಟಕಿಯ ಪಕ್ಕದಲ್ಲಿ ಇಟ್ಟ ಡಿಸ್ಕು ಕೆಲವೇ ವರ್ಷಗಳಲ್ಲಿ ಓದಲಾಗದಂತಾಗಬಹುದು. ಮೇಲಾಗಿ ಇಂದಿನ ಅನೇಕ ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಹಾಕುವ ಸ್ಥಳವೇ ಇಲ್ಲ.

ರೂಪಗಳೂ ಮುಪ್ಪಾಗುತ್ತವೆ. ಒಂದು ಕಾಲದಲ್ಲಿ ಜಾಲದ ದೃಶ್ಯಗಳೆಲ್ಲ ಫ್ಲ್ಯಾಶ್ ಎಂಬ ವ್ಯವಸ್ಥೆಯನ್ನು ಆಶ್ರಯಿಸಿದ್ದುವು. 2020ರ ಕೊನೆಗೆ ಅದರ ಬೆಂಬಲವು ನಿಂತುಹೋಯಿತು. ಆದಕಾರಣ ಐದು ವರ್ಷಗಳಿಗೊಮ್ಮೆಯಾದರೂ ಹಳೆಯ ಫೈಲುಗಳನ್ನು ತೆರೆದು ನೋಡಿ, ಓದುವ ಯಂತ್ರ ಇರುವಾಗಲೇ ಹೊಸ ರೂಪಕ್ಕೆ ತಿರುಗಿಸುವುದು ಅಗತ್ಯ. ಹಳೆಯ ಓಲೆಗರಿಗಳನ್ನು ನಮ್ಮ ಹಿರಿಯರು ಹೊಸ ಗರಿಗಳಿಗೆ ಪ್ರತಿಮಾಡುತ್ತ ಬಂದುದರಿಂದಲೇ ವಚನಗಳು ಉಳಿದು ಬಂದುವು, ಫ. ಗು. ಹಳಕಟ್ಟಿಯವರು ಮನೆಮನೆಗಳಿಂದ ಅವನ್ನು ಅರಸಿ ತಂದು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚಿಗೆ ತರಲು ಸಾಧ್ಯವಾದುದು ಆ ಅಜ್ಞಾತ ಪ್ರತಿಕಾರರ ಶ್ರಮದಿಂದಲೇ.

ಫೈಲಿಗೆ ಹೆಸರಿಡುವುದೂ ಕರ್ತವ್ಯವೇ. ಹಾಡಿದವರು ಯಾರು, ಯಾವ ಊರು, ಯಾವ ದಿನ, ಯಾವ ಸಂದರ್ಭ ಎಂಬುದನ್ನು ಬರೆದಿಡದಿದ್ದರೆ ಮುಂದಿನ ತಲೆಮಾರಿಗೆ ಅದು ಹೆಸರಿಲ್ಲದ ಮುಖವಾಗುತ್ತದೆ. ಹಾಗೆಯೇ ಹಾಡಿದವರ ಒಪ್ಪಿಗೆಯನ್ನು ಮೊದಲು ಪಡೆಯಬೇಕು. ಕೆಲವು ಪದಗಳನ್ನು ದೇವರ ಮುಂದಲ್ಲದೆ ಬೇರೆಡೆ ಹಾಡಬಾರದೆಂಬ ನಂಬಿಕೆಯುಳ್ಳವರಿದ್ದಾರೆ. ಅಂತಹ ಪದವನ್ನು ಕಾಪಿಡಲು ಅವರು ಒಪ್ಪಿಯಾರು, ಜಾಲದಲ್ಲಿ ಲೋಕಕ್ಕೆಲ್ಲ ತೋರಿಸಲು ಒಪ್ಪದಿರಬಹುದು. ಹಂಚುವ ರೂಪವನ್ನು ಆರಿಸುವ ಮುನ್ನ ಹಂಚಬಹುದೇ ಎಂಬುದನ್ನು ಕೇಳುವುದು ಸಂಸ್ಕಾರವಂತರ ಲಕ್ಷಣ.

ಸಾರಾಂಶ

ಡಿವಿಡಿ ಪ್ಲೇಯರಿಗೆ ಎಂಪೆಗ್-2, ಪಾಲ್ ಅಳತೆ, ಸರಿಯಾದ ಆಥರಿಂಗ್, ಜಾಲಕ್ಕೆ ಎಂ.ಪಿ.4, ಎಚ್.264, ಎ.ಎ.ಸಿ.; ಕಾಪಿಡಲು ಕ್ಯಾಮೆರಾದ ಮೂಲ ಫೈಲು. ಮೊದಲ ಎರಡನ್ನೂ ಮೂರನೆಯದರಿಂದಲೇ ಮಾಡತಕ್ಕದ್ದು. ಮೂರನೆಯದರ ಪ್ರತಿಗಳು ಒಂದಕ್ಕಿಂತ ಹೆಚ್ಚು ಕಡೆ, ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಇರತಕ್ಕದ್ದು. ಇಷ್ಟನ್ನು ನೆನಪಿಟ್ಟರೆ ಉಳಿದುದೆಲ್ಲ ಅಭ್ಯಾಸದಿಂದ ಬರುತ್ತದೆ.

ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಅಶೋಕನ ಸಂದೇಶವನ್ನು ಅಂದಿನವರು ಒಂದೇ ಬಂಡೆಗೆ ಒಪ್ಪಿಸಿ ಸುಮ್ಮನಾಗಲಿಲ್ಲ. ಹತ್ತಿರ ಹತ್ತಿರದ ಮೂರು ಕಡೆಗಳಲ್ಲಿ ಕೆತ್ತಿಸಿದರು. ಜಟಿಂಗ ರಾಮೇಶ್ವರದ ಪ್ರತಿಯು ಬಹಳ ಸವೆದಿದೆ. ಬ್ರಹ್ಮಗಿರಿಯ ಪ್ರತಿಯು ಚೆನ್ನಾಗಿ ಉಳಿದಿದೆ. ಒಂದು ಕಡೆ ಅಳಿದುದನ್ನು ಇನ್ನೊಂದು ಕಡೆಯಿಂದ ಓದಿಕೊಳ್ಳಲು ಸಾಧ್ಯವಾದುದು ಆ ಮೂರು ಪ್ರತಿಗಳಿಂದಲೇ. ಹಟ್ಟಿಯ ಅಜ್ಜಿಯ ಹಾಡನ್ನು ಇಂದು ಮೊಬೈಲಿನಲ್ಲಿ ಹಿಡಿಯುವ ಬಾಲಕನೂ ಬಾಲಕಿಯೂ ಒಂದು ಬಗೆಯಲ್ಲಿ ಚಪಡನ ವೃತ್ತಿಯವರೇ. ತಾವು ಬರೆದುದನ್ನು ಮುಂದಿನವರು ಓದಬಲ್ಲರೇ ಎಂಬ ವಿಚಾರವು ಆ ವೃತ್ತಿಯ ಮೊದಲ ಧರ್ಮವಾಗಿದೆ.